ಕುದುರೆ ಕಾಕ ಹೇಳದೆ ಬಿಟ್ಟದ್ದು

ಕುದುರೆ ಕಾಕನ ಬಲಗೈ ಪೂರ್ತಿ ಕೆಳಗಿಳಿದದ್ದನ್ನು ನಾನು ನೋಡಿಯೇ ಇಲ್ಲ. ಮೊಣಕೈ ಮಡಚಿ, ಮುಷ್ಟಿಯನ್ನು ಗದ್ದದ ಎತ್ತರಕ್ಕೆ ಹಿಡಿದುಕೊಂಡೇ ಅವರು ನಡೆಯುತ್ತಿದ್ದರು. ಮೀನು ತರಲು ಹೋಗುವಾಗಲೂ ಹಾಗೆಯೇ, ಶುಕ್ರವಾರ ಮಸೀದಿಗೆ ಹೋಗುವಾಗಲೂ ಹಾಗೆಯೇ. ಬೊಂಬಾಯಿಯ ರೇಸ್ ಕುದುರೆಗಳ ಲಾಯದಲ್ಲಿ ಇಪ್ಪತ್ತೆರಡು ವರ್ಷ ಕಡಿವಾಣ ಹಿಡಿದು ನಡೆದ ಕೈ ಅದು. ಕಾಪು ಪೇಟೆಯ ಮಕ್ಕಳು ಹಿಂದಿನಿಂದ ಹಾಗೆಯೇ ಕೈ ಎತ್ತಿಕೊಂಡು ಅಣಕಿಸಿದರೆ ಕಾಕ ತಿರುಗಿ, "ಕುದುರೆ ಎಲ್ಲಿ ಮಕ್ಕಳೇ, ಓಡಿಹೋಯಿತಾ?" ಎಂದು ಕೇಳುತ್ತಿದ್ದರು.

ಅದು ಎಪ್ಪತ್ತರ ದಶಕದ ಕೊನೆ. ನಾನು ಕಾರ್ಕಳದವನು. ಓದು ಮುಗಿಸಿ, ಆ ಕಡೆಯ ಒಂದು ಸಣ್ಣ ದನದ ಆಸ್ಪತ್ರೆಗೆ ಡಾಕ್ಟರಾಗಿ ಬಂದು ವರ್ಷವೂ ತುಂಬಿರಲಿಲ್ಲ. ಕಾಕ ಊರಿಗೆ ಮರಳುವಾಗ ರೇಸಿಗೆ ಬೇಡವಾದ ಒಂದು ಕಂದು ಹೆಣ್ಣು ಕುದುರೆಯನ್ನು ಲಾರಿಯಲ್ಲಿ ಕರೆತಂದಿದ್ದರು. ತೆಂಗಿನ ತೋಟದ ಮೂಲೆಯಲ್ಲಿ ತೆಂಗಿನ ಗರಿಯ ಮಡಲು ಹೊದೆಸಿ ಅದಕ್ಕೊಂದು ಜಾಗ ಮಾಡಿದ್ದರು. ಮೊದಲ ದಿನ ನಾನು, "ಹಟ್ಟಿ ಚೊಕ್ಕ ಉಂಟು ಕಾಕ" ಎಂದು ಹೊಗಳಿದೆ. ಅವರ ಮುಖ ಸಣ್ಣದಾಯಿತು. "ಹಟ್ಟಿ ದನಕ್ಕೆ ಡಾಕ್ಟ್ರೆ. ಇದು ಲಾಯ" ಎಂದರು.

ಹೆಂಡತಿಯ ಹತ್ತಿರ ಬ್ಯಾರಿ, ನೆರೆಯವರ ಹತ್ತಿರ ತುಳು, ಸರಕಾರಿ ಮನುಷ್ಯನೆಂದು ನನ್ನ ಹತ್ತಿರ ಅಚ್ಚುಕಟ್ಟಾದ ಕನ್ನಡ. ಹಿಂದಿ ಮಾತ್ರ ಕುದುರೆಗೆ ಮೀಸಲು; ಸಾಕು ಎನ್ನಲು 'ಬಸ್'. ಆ ಕುದುರೆ ಅವರಿಗೆ 'ಬೇಟಿ', ಮಗಳು. ಬೊಂಬಾಯಿ, ಗಲ್ಫ್ ನೋಡಿ ಬಂದವರಿಗೆ ಮದುವೆಯ ದಿಬ್ಬಣದಲ್ಲಿ ಕುದುರೆ ಬೇಕೆಂಬ ಆಸೆ ಶುರುವಾಗಿತ್ತು. ಕಾಕನ ಮನೆಯ ಗಂಜಿ ಬೇಯುತ್ತಿದ್ದದ್ದು ಅದರಿಂದಲೇ. ಬಿಳಿ ಕುದುರೆ ಇಲ್ಲವಾ ಎಂದು ಯಾರಾದರೂ ರಾಗ ಎಳೆದರೆ, "ಮದುಮಗ ಬೆಳ್ಳಗಿದ್ದರೆ ಸಾಲದಾ ಮಾರಾಯ್ರೆ?" ಎನ್ನುತ್ತಿದ್ದರು.

ಭಾನುವಾರ ಸಂಜೆ ದೀಪಸ್ತಂಭದ ಹತ್ತಿರದ ಮರಳಿನಲ್ಲಿ ನನಗೆ ಸವಾರಿಯ ಪಾಠ. ನಾನು ಭಯದಿಂದ ಲಗಾಮು ಜಗ್ಗುತ್ತಿದ್ದೆ. "ಎಳೆಯಬೇಡಿ ಡಾಕ್ಟ್ರೆ, ಅವಳ ಬಾಯಿ ಮೆತ್ತಗೆ ಉಂಟು. ಸುಮ್ಮನೆ ಕೂತುಕೊಳ್ಳಿ, ನಿಮಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತುಂಟು" ಎಂದು ಕಾಕ ಪಕ್ಕದಲ್ಲಿ ಓಡುತ್ತಿದ್ದರು. ಆ ಮಾತನ್ನು ನಾನು ಸವಾರಿಗೆ ಮಾತ್ರ ಅನ್ವಯಿಸಿಕೊಂಡೆ. ಅಷ್ಟೇ ನನ್ನ ಬುದ್ಧಿ.

ಆ ಮೇ ತಿಂಗಳ ಒಂದು ವಾರದಲ್ಲಿ ಅವರಿಗೆ ಐದು ಮದುವೆ. ಲಾಯದಲ್ಲಿ ಕೆಲಸವೋ ಕೆಲಸ. ಹುರುಳಿ ನೆನೆಹಾಕಬೇಕು, ಗದ್ದೆಯ ಅಂಚಿನ ಹುಣಿಯಿಂದ ಹುಲ್ಲು ತರಬೇಕು, ಗೊರಸಿನ ಸಂದಿಯ ಮಣ್ಣು ಕೆರೆಯಬೇಕು, ಮೈ ಕನ್ನಡಿಯಾಗುವವರೆಗೆ ಉಜ್ಜಬೇಕು. ಆಸ್ಪತ್ರೆಯ ಹೊತ್ತು ಬಿಟ್ಟರೆ ನಾನೂ ಅಲ್ಲಿಯೇ, ಲದ್ದಿಯ ಬುಟ್ಟಿ ಹೊತ್ತುಕೊಂಡು. "ಆಫೀಸರು ಲದ್ದಿ ಹೊರುವುದನ್ನು ನಿಮ್ಮ ತಾಯಿ ನೋಡಿದರೆ ನನ್ನನ್ನು ಬಿಟ್ಟಾರಾ?" ಎಂದು ಕಾಕ ನಗುತ್ತಿದ್ದರು. ಅಷ್ಟು ಸಂತೋಷದಲ್ಲಿ ನಾನು ಬೇರೆಲ್ಲಿಯೂ ದುಡಿದಿಲ್ಲ.

ಸೋಮವಾರ ಎರ್ಮಾಳ್, ಮಂಗಳವಾರ ಉಡುಪಿ, ಬುಧವಾರ ಕಲ್ಯಾಣಪುರದ ಒಂದು ಕ್ರಿಶ್ಚಿಯನ್ ಮನೆ. ಅಲ್ಲಿ ಕಾಕ ಮಾವಿನ ಮರದಡಿ ತಮ್ಮ ಬುತ್ತಿ ಬಿಚ್ಚಿ ಕುಳಿತಿದ್ದಾಗ ಆ ಮನೆಯ ಅಜ್ಜಿ ಒಂದು ದೊಡ್ಡ ಬಾಲ್ದಿ ತುಂಬ ಬೆಂದ ಅನ್ನ, ಗಂಜಿತಿಳಿ ತಂದು ಕುದುರೆಯ ಮುಂದಿಟ್ಟರು. ಮದುವೆಯ ದಿನ ತಮ್ಮ ದನಗಳಿಗೆ ಕೊಡುವುದನ್ನೇ ಕೊಟ್ಟದ್ದು. ಕಾಕ ಕೈ ತೊಳೆದು ಬರುವಷ್ಟರಲ್ಲಿ ಬಾಲ್ದಿ ಖಾಲಿ. ಅಜ್ಜಿ, "ಪಾಪ, ಎಷ್ಟು ಹಸಿದಿತ್ತು!" ಎಂದು ಅದರ ಹಣೆ ಸವರುತ್ತಿದ್ದರಂತೆ. ಕುದುರೆಯ ಹೊಟ್ಟೆಗೆ ಅಷ್ಟು ಅನ್ನ ಆಗದು. ಆದರೆ ಆ ಪ್ರೀತಿಗೆ ಏನೆಂದು ಬೈಯುವುದು?

ಗುರುವಾರ ಬೆಳಿಗ್ಗೆ ನಾನು ಹೋದಾಗ ಕಾಕ ಅದನ್ನು ತೆಂಗಿನ ಮರಗಳ ಸುತ್ತ ನಡೆಸುತ್ತಿದ್ದರು. ಕುದುರೆಯ ಮೈಯೆಲ್ಲ ಬೆವರು. ತಿರುಗಿ ತಿರುಗಿ ಹೊಟ್ಟೆ ನೋಡಿಕೊಳ್ಳುತ್ತಿತ್ತು, ಮಲಗಿ ಹೊರಳಲು ಹವಣಿಸುತ್ತಿತ್ತು. ನಾನು ಔಷಧದ ಎಣ್ಣೆ ಮತ್ತು ದನಗಳಿಗೆ ಮದ್ದು ಕುಡಿಸುವ ಬಿದಿರಿನ ಗೊಟ್ಟ ಹೊರತೆಗೆದೆ.

"ತಲೆ ಎತ್ತಿ ಹಿಡಿಯಿರಿ ಕಾಕ."

ಕಾಕ ಗೊಟ್ಟವನ್ನು ನೋಡಿದರು. "ಡಾಕ್ಟ್ರೆ, ಬೊಂಬಾಯಿಯಲ್ಲಿ ಮೂಗಿನಿಂದ ನಳಿಗೆ ಇಳಿಸ್ತಾರೆ. ಬಾಯಿಂದ ಹೊಯ್ಯುವುದಿಲ್ಲ."

"ಅಂಥ ನಳಿಗೆ ಈ ಊರಲ್ಲಿ ಎಲ್ಲುಂಟು ಕಾಕ? ನಾನು ಅಷ್ಟು ವರ್ಷ ಓದಿದ್ದು ಎಂತಕ್ಕೆ ಮತ್ತೆ?"

ಅವರು ಕುದುರೆಯ ಕೊರಳು ಒಮ್ಮೆ ತಟ್ಟಿದರು. "ಹಾಗಾದರೆ ಸರಿ. ಡಾಕ್ಟ್ರು ನೀವಲ್ವಾ" ಎಂದು ತಲೆ ಎತ್ತಿ ಹಿಡಿದರು.

ಮೂರನೆಯ ಸಲ ಹೊಯ್ದಾಗ ಕುದುರೆ ಕೆಮ್ಮಿತು. ದೊಡ್ಡದೇನಲ್ಲ, ಎರಡೇ ಕೆಮ್ಮು. "ಸ್ವಲ್ಪ ನೆತ್ತಿಗೆ ಹತ್ತಿತು" ಎಂದೆ. ಕಾಕ ಅದರ ಗಂಟಲು ನೀವಿದರು.

ಮಧ್ಯಾಹ್ನ ಕುದುರೆ ಲದ್ದಿ ಹಾಕಿತು. ಅಯ್ಯೋ, ಆ ಸಂಭ್ರಮ! ಕಾಕನ ಹೆಂಡತಿ ಚಾ, ಬಿಸ್ಕೂಟು ತಂದರು. ಬೇಲಿಯಾಚೆಯ ನೆರೆಯವರು, "ನಮ್ಮ ಡಾಕ್ಟ್ರು ಕುದುರೆಗೂ ಆಗ್ತಾರೆ ಮಾರಾಯ" ಎಂದರು. ನಾನು ಎದೆ ಉಬ್ಬಿಸಿಕೊಂಡು ಮನೆಗೆ ಹೋದೆ. ಉಳಿದ ಎರಡು ಮದುವೆಗಳಿಗೆ ಬರುವುದಿಲ್ಲವೆಂದು ಕಾಕ ಹೇಳಿಕಳಿಸಿದರು. ಕುದುರೆ ಗೆದ್ದಿತಲ್ಲ ಎಂದು ನಾನು ಬೀಗುತ್ತಿದ್ದೆ.

ಶುಕ್ರವಾರ ಸಂಜೆ ಅದಕ್ಕೆ ಜ್ವರ ಬಂತು. ಶನಿವಾರ ಬೆಳಿಗ್ಗೆ ಮೂಗಿನ ಹೊಳ್ಳೆಗಳು ಅರಳಿ, ಉಸಿರಿಗೊಂದು ಕೊಳೆತ ವಾಸನೆ. ಇದ್ದ ಇಂಜೆಕ್ಷನ್ ಎಲ್ಲ ಚುಚ್ಚಿದೆ. ಉಡುಪಿಯ ಬಸ್ಸು ಹತ್ತಿ ಔಷಧದ ಅಂಗಡಿಗಳನ್ನು ಅಲೆದೆ. ಮಣಿಪಾಲದಲ್ಲಿ ಮನುಷ್ಯರ ಡಾಕ್ಟರಾಗಿದ್ದ ಗೆಳೆಯನ ಮುಂದೆ ಹೋಗಿ ನಿಂತೆ. ಅವನು ಎಲ್ಲ ಕೇಳಿ, "ಎಣ್ಣೆ ಶ್ವಾಸಕೋಶಕ್ಕೆ ಹೋಗಿದೆಯೇನೋ. ಹಾಗಾದರೆ ಕಷ್ಟ" ಎಂದ. ಕೋಣೆಗೆ ಬಂದು ಪುಸ್ತಕ ತೆರೆದೆ. ಕುದುರೆಗೆ ಬಾಯಿಂದ ಎಣ್ಣೆ ಹೊಯ್ಯಬಾರದು, ಶ್ವಾಸಕೋಶಕ್ಕೆ ಇಳಿದರೆ ಬದುಕುವುದು ಕಷ್ಟ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಪರೀಕ್ಷೆಗೆಂದು ಆ ಸಾಲಿನ ಕೆಳಗೆ ಕೆಂಪು ಪೆನ್ಸಿಲಿನ ಗೆರೆ ಎಳೆದವನು ನಾನೇ.

ಭಾನುವಾರ ಇಡೀ ಬೆಳಿಗ್ಗೆ ಲಾಯದಲ್ಲಿ ಕೂತಿದ್ದೆ. ಮಾಡಲು ಏನೂ ಉಳಿದಿರಲಿಲ್ಲ. ಒದ್ದೆ ಬಟ್ಟೆ ಹಿಂಡಿ ಕೊಡುತ್ತಿದ್ದೆ, ಕಾಕ ಅದರಿಂದ ಕುದುರೆಯ ಮೂಗು ಒರೆಸುತ್ತಿದ್ದರು. ನಡು ಮಧ್ಯಾಹ್ನ ಅದು ಮುಂಗಾಲು ಮಡಚಿ ಕುಸಿಯಿತು. ಕಾಕ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಬಸ್ ಬೇಟಿ, ಬಸ್" ಎನ್ನುತ್ತಲೇ ಇದ್ದರು, ಅದರ ಉಸಿರು ನಿಂತ ಮೇಲೂ.

ಊರವರು ಬಂದು, "ಎಂತ ಆದದ್ದು ಕಾಕ?" ಎಂದು ಕೇಳಿದರು. ಕಾಕ, "ಹೊಟ್ಟೆನೋವು ಡಾಕ್ಟ್ರು ಗುಣ ಮಾಡಿದ್ರು. ವಯಸ್ಸಾಗಿತ್ತಲ್ವಾ, ಹೋದಳು" ಎಂದರು. ಕಲ್ಯಾಣಪುರದ ಅಜ್ಜಿಯ ಬಾಲ್ದಿಯ ವಿಷಯವನ್ನೂ ಯಾರಿಗೂ ಹೇಳಲಿಲ್ಲ. ನಾನು ಕಂಬದ ಹಾಗೆ ನಿಂತಿದ್ದೆ. ನಾಚಿಕೆಗೆಟ್ಟವನು, ಬಾಯಿ ಬಿಡಲಿಲ್ಲ.

ಆಮೇಲೆ ಕಾಕ ಪೇಟೆಯಲ್ಲಿ ಯಾರದೋ ಅಂಗಡಿಯ ಮುಂದೆ ಕೂತು ಎಳನೀರಿನ ಬೊಂಡ ಕೆತ್ತಿ ಕೊಡುವ ಕೆಲಸಕ್ಕೆ ಸೇರಿದರು. ಲಾಯದ ಮಡಲು ಆ ಮಳೆಗಾಲದಲ್ಲಿ ಕೊಳೆಯಿತು, ಅವರು ಮತ್ತೆ ಹೊದೆಸಲಿಲ್ಲ. ಕೆಲಸ ಮುಗಿಸಿ ಮನೆಗೆ ನಡೆಯುವಾಗ ಬಲಗೈ ಮಾತ್ರ ಮೊದಲಿನಂತೆ ಮೇಲೆಯೇ ಇರುತ್ತಿತ್ತು. ಅದನ್ನು ನೋಡಲಾಗದೆ ನಾನು ಬೇರೆ ದಾರಿ ಹಿಡಿಯುತ್ತಿದ್ದೆ.

ನನಗೆ ಕಾರ್ಕಳಕ್ಕೆ ವರ್ಗವಾಯಿತು. ಎಂಬತ್ತರ ದಶಕದ ನಡುವೆ ಒಂದು ದಿನ, ಇನ್ನು ತಡೆಯಲಾರೆ ಎನ್ನಿಸಿ, ಕಾಪುವಿಗೆ ಹೋಗಿ ಅವರ ಜಗಲಿಯಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ಕೆಂಪು ಗೆರೆಯನ್ನೂ ಬಿಡಲಿಲ್ಲ.

"ಗೊತ್ತುಂಟು ಡಾಕ್ಟ್ರೆ. ಅವಳು ಕೆಮ್ಮಿದಾಗಲೇ ಗೊತ್ತಾಯಿತು."

"ಮತ್ತೆ ಊರವರ ಮುಂದೆ ಹೇಳಲಿಲ್ಲ ಯಾಕೆ ಕಾಕ? ಬೈಯಬೇಕಿತ್ತು ನನಗೆ."

"ಹೇಳಿದರೆ ಮಾರನೆ ದಿನ ನಿಮ್ಮನ್ನು ಯಾರು ಹಟ್ಟಿಗೆ ಕರೀತಿದ್ದರು? ಈ ಊರಲ್ಲಿ ಕುದುರೆ ಇದ್ದದ್ದು ಒಂದು. ದನ ಎಷ್ಟುಂಟು ನೋಡಿ." ತೋಟದ ಮೂಲೆಯತ್ತ ನೋಡುತ್ತ ಹೇಳಿದರು: "ಕೋಪ ಬಂದಿತ್ತು. ಇಲ್ಲ ಅಂತ ಹೇಳುವುದಿಲ್ಲ. ತುಂಬ ಬಂದಿತ್ತು."

ಎರಡು ವರ್ಷದ ಮೇಲೆ ಅವರು ತೀರಿಕೊಂಡರು. ಸುದ್ದಿ ತಿಳಿದು ಕಾರ್ಕಳದಿಂದ ಬಸ್ಸು ಬದಲಿಸಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಮಸೀದಿಯ ಗೇಟಿನ ಹತ್ತಿರ ಏನು ಮಾಡಬೇಕೆಂದು ತೋಚದೆ ನಿಂತಿದ್ದಾಗ, ಗುರುತಿಲ್ಲದ ಒಬ್ಬರು ಹತ್ತಿರ ಬಂದರು.

"ನೀವು ಕಾಕನ ಕುದುರೆಯ ಹೊಟ್ಟೆನೋವು ಗುಣ ಮಾಡಿದ ಡಾಕ್ಟ್ರಲ್ವಾ? ಯಾವಾಗಲೂ ಹೇಳ್ತಿದ್ದರು. ನಾನು ಎರ್ಮಾಳಿನವ. ನನ್ನ ದನ ಮೂರು ದಿನದಿಂದ ಮೇವು ಮುಟ್ಟುವುದಿಲ್ಲ. ಒಮ್ಮೆ ಬಂದು ನೋಡ್ತೀರಾ?"

ಅವರ ಹಿಂದೆ ನಡೆದೆ. ಹಟ್ಟಿಯಲ್ಲಿ, ಗೋಡೆಗೆ ತೂಗುಹಾಕಿದ್ದ ಅವರ ಗೊಟ್ಟಕ್ಕೆ ಕೈ ಹಾಕುವ ಮೊದಲು, "ನಿಮಗೆ ಎಂತ ಅನ್ನಿಸ್ತದೆ, ಹೇಳಿ" ಎಂದು ಕೇಳಿದೆ. ಅವರು ಹೇಳಿ ಮುಗಿಸುವವರೆಗೆ ಕೈ ಕಟ್ಟಿ ಕೇಳುತ್ತ ನಿಂತೆ.