ಸಂಜೆ ಹಾಸಿದ ಪಾವು

ಟೀಚರಮ್ಮನ ಹುಬ್ಬುಗಳು ಒಟ್ಟಿಗೆ ಏಳುತ್ತಿರಲಿಲ್ಲ. ಸಂಶಯ ಬಂದರೆ ಎಡಗಡೆಯದು, ಸಿಟ್ಟು ಬಂದರೆ ಬಲಗಡೆಯದು. ಎರಡೂ ಸೇರಿ ಎದ್ದವೆಂದರೆ ಕಥೆ ಶುರುವಾಯಿತೆಂದು ಒಂಬತ್ತನೇ ತರಗತಿಯ ಮಕ್ಕಳು ಬೆಂಚುಗಳನ್ನು ಗೋಡೆಗೆ ಸರಿಸುತ್ತಿದ್ದರಂತೆ.

ತಾರಮಂಗಲಂ ಕಡೆಯಿಂದ ಬಸ್ಸಿನಲ್ಲಿ ಸೇಲಂಗೆ ಬಂದು, ನಮ್ಮ ನೇಕಾರರ ಬೀದಿಯ ಮಕ್ಕಳಿಗೆ ತಮಿಳು ಪಾಠ ಹೇಳುತ್ತಿದ್ದರು. ಅವರ ಮನೆಮಾತೂ ನಮ್ಮ ಕನ್ನಡವೇ. ಪಾಠದ ಕಥೆಯನ್ನು ಮೊದಲು ಓದಿಸುತ್ತಿರಲಿಲ್ಲ, ಆಡಿಸುತ್ತಿದ್ದರು, ಅದೂ ಮನೆಮಾತಿನಲ್ಲಿ. "ಕಾಲಿಗೆ ತಿಳಿದ್ರೆ ತಲೆಗೆ ತಾನಾಗೇ ತಿಳೀತೈತೆ" ಎನ್ನುತ್ತಿದ್ದರು. ಕಥೆ ಕುತೂಹಲದ ತುದಿಗೆ ಬಂದಾಗ ಚಪ್ಪಾಳೆ ತಟ್ಟಿ ನಿಲ್ಲಿಸಿಬಿಡುವುದು ಅವರ ಅಭ್ಯಾಸ. "ಮಿಕ್ಕಿದ್ದು ಪುಸ್ತಕದಾಗೈತೆ, ಓಗ್ರಿ." ಮಕ್ಕಳು ಗೊಣಗಿಕೊಳ್ಳುತ್ತಲೇ ಪುಸ್ತಕ ತೆರೆಯುತ್ತಿದ್ದರು.

ನನ್ನ ಮೊಮ್ಮಗಳೂ ತೆರೆದಳು. ನನಗೆ ಅದು ಬೇಕಿರಲಿಲ್ಲ. ಒಂಬತ್ತು ಮುಗಿದರೆ ಶಾಲೆ ಬಿಡಿಸಿ ಮಗ್ಗಕ್ಕೆ ಕೂರಿಸುವುದೆಂದು ತೀರ್ಮಾನಿಸಿದ್ದೆ, ಅವಳೂ ತಲೆಯಾಡಿಸಿದ್ದಳು. ಈಗ ಊಟದ ತಟ್ಟೆಯ ಮುಂದೆಯೂ ಪುಸ್ತಕ. ಒಂದು ದಿನ "ತಾತ, ನಾನು ಓದ್ತೀನಿ, ಬುಡ್ಸಬ್ಯಾಡ" ಎಂದಳು. ಇದೆಲ್ಲ ಆ ನಾಟಕದ ಕೆಲಸ ಎಂದುಕೊಂಡೆ.

ಆ ವರ್ಷ ಟೀಚರಮ್ಮ ನಮ್ಮ ಬೀದಿಯಲ್ಲೇ ನಾಟಕ ಆಡಿಸಲು ಎಲ್ಲರನ್ನೂ ಒಪ್ಪಿಸಿದರು. ಬೀದಿಯ ಯಜಮಾನನಾದ ನಾನೂ ಎದುರಿಗೆ ಹೂಂ ಎಂದೆ. ನಾಟಕದ ಸಂಜೆ ಬೀದಿಯುದ್ದಕ್ಕೂ ಪಾವು ಹಾಸಿಸಿಬಿಟ್ಟೆ. ಪಾವು ಎಂದರೆ ಸೀರೆಯ ಹಾಸುನೂಲು. ಅದನ್ನು ಬಿದಿರುಗಳ ಮೇಲೆ ಎಳೆದು ಗಂಜಿ ಹಚ್ಚಿ ಒಣಗಿಸುವುದು ಬೆಳಗಿನ ಕೆಲಸ. ಹಾಸಿದ ಪಾವನ್ನು ನಮ್ಮಲ್ಲಿ ಮಗುವೂ ದಾಟುವುದಿಲ್ಲ.

"ಯಜಮಾನ್ರು ಗಂಜಿ ಒಣಗ್ಸಕ್ಕೆ ರಾತ್ರಿ ಸೂರ್ಯನ್ನೂ ಕರುಸ್ತಾರೇನೋ" ಎಂದು ಎದುರುಮನೆಯ ಅತ್ತಿಗೆ ನಕ್ಕಳು.

ಮಕ್ಕಳೊಂದಿಗೆ ಬಂದ ಟೀಚರಮ್ಮ ನಿಂತುಬಿಟ್ಟರು. "ಏನ್ ತಾತ, ಈ ವೇಳ್ಯದಾಗೆ ಪಾವಾ?"

"ಅರ್ಜೆಂಟ್ ಆರ್ಡರು ಐತಮ್ಮಾ. ನಾಟ್ಕ ಇನ್ನೊಂದ್ ದಿನ ಆಡ್ಸಿ."

ಎಡಹುಬ್ಬು ಏರಿತು. ನನ್ನನ್ನೊಮ್ಮೆ, ನೂಲನ್ನೊಮ್ಮೆ ನೋಡಿ ಮಕ್ಕಳ ಕಡೆ ತಿರುಗಿದರು. "ಏಯ್ ಮಕ್ಳಾ, ನಾಟ್ಕಕ್ಕೆ ಒಳೆ ಎಲ್ಲಿಂದ ತರೋದು ಅಂತಿದ್ರಲ್ಲ? ನೋಡ್ರಿ, ತಾತ ಕಾವೇರಿನೇ ತಂದವ್ರೆ!"

ಪಾಠದ ಕಥೆಯಲ್ಲಿ ನೆರೆ ಬಂದು ತಾಯಿ ಒಂದು ದಡ, ಮಗಳು ಒಂದು ದಡ. ತಾಯಿಯ ಪಾತ್ರ ನನ್ನ ಮೊಮ್ಮಗಳದು. ಬಿಳಿ ನೂಲಿನ ಆಚೆ ಮಗಳು ಕೂಗುತ್ತಿದ್ದಾಳೆ, ಈಚೆ ಇವಳು ಓಡಾಡುತ್ತಿದ್ದಾಳೆ. ಎಳೆಯನ್ನು ಸೋಕದೆ ಅಂಚಿನಲ್ಲೇ ಹೆಜ್ಜೆ ಇಡುವುದನ್ನು ನೇಕಾರರ ಮಗುವಿಗೆ ಯಾರೂ ಕಲಿಸಬೇಕಿಲ್ಲ. ಕೊನೆಗೆ ನಿಂತಳು. ಸೆರಗು ಸಿಕ್ಕಿಸಿ, ಪಾವಿನ ಮೇಲೆ ಕಾಲೆತ್ತಿದಳು.

"ಬ್ಯಾಡ ಮಗಾ, ಮುಳ್ಗೋಯ್ತೀಯ!"

ಇಡೀ ಬೀದಿಗೆ ಕೇಳುವಂತೆ ಕೂಗಿದವನು ನಾನು. ನೂಲಿನ ನೆನಪೇ ನನಗಿರಲಿಲ್ಲ.

ಟೀಚರಮ್ಮ ಚಪ್ಪಾಳೆ ತಟ್ಟಿದರು. "ಇವತ್ತಿಗೆ ಇಷ್ಟೇ."

ಊಟಕ್ಕೆ ಕೂತಾಗ ತಡೆಯಲಾರದೆ ಕೇಳಿದೆ, "ಆಯಮ್ಮ ದಾಟುದ್ಲೇನೇ?" ಮೊಮ್ಮಗಳು ಪುಸ್ತಕ ತಂದು ತಮಿಳಿನಲ್ಲಿ ಓದಿದಳು; ಕಷ್ಟದ ಮಾತು ಬಂದಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳಿದಳು. ಆಮೇಲೆ ಶಾಲೆ ಬಿಡಿಸುವ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಈಗ ಅವಳು ಕಾಲೇಜಿನಲ್ಲಿ ಸಾಹಿತ್ಯವನ್ನೇ ಓದುತ್ತಿದ್ದಾಳೆ.

ಟೀಚರಮ್ಮ ಹೋದ ವರ್ಷ ತೀರಿಕೊಂಡರು. ಪಾವು ಏಕೆ ಹಾಸಿಸಿದ್ದೆನೆಂದು ಅವರಿಗೆ ತಿಳಿದಿತ್ತು. ಯಾರಿಗೂ ಹೇಳಲಿಲ್ಲ. "ನಮ್ಮ ತಾತ ನಾಟ್ಕಕ್ಕೆ ಒಳೆ ಮಾಡ್ಕೊಟ್ರು" ಎಂದು ಮೊಮ್ಮಗಳು ಇವತ್ತಿಗೂ ಗೆಳತಿಯರ ಮುಂದೆ ಹೆಮ್ಮೆಪಡುತ್ತಾಳೆ. ಆ ಹೊಗಳಿಕೆ ಟೀಚರಮ್ಮನಿಗೆ ಸೇರಬೇಕಾದ್ದು. ನಾನು ಕದ್ದು ಇಟ್ಟುಕೊಂಡಿದ್ದೇನೆ.

ನಾನು ಹೈಸ್ಕೂಲು ಓದಿದ್ದು ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿದ್ದುಕೊಂಡು, ಕನ್ನಡದಲ್ಲಿ. ನೆಟ್ಟಗೆ ಬರೆಯಲು ಬರುವುದು ಈ ಭಾಷೆಯೊಂದೇ. ಮೊಮ್ಮಗಳಿಗೆ ಕನ್ನಡ ಅಕ್ಷರ ಬಾರದು. ಈ ಭಾನುವಾರ ಮನೆಗೆ ಬರುತ್ತಾಳೆ. ಎದುರು ಕೂರಿಸಿಕೊಂಡು ಇದನ್ನು ನಾನೇ ಓದಿ ಹೇಳಬೇಕು.