ಹುರುಳಿ ಹಾಸಿದ ರಸ್ತೆಯಲ್ಲಿ ಹೊಸ ಕಾರು

ಕೊಟ್ಟೂರಿನ ಶೇಂಗಾ ವ್ಯಾಪಾರಿ ಗುರುಬಸವರಾಜರ ಬಳಿ ಮಾರಣ್ಣ ಹನ್ನೊಂದು ವರ್ಷದಿಂದ ಡ್ರೈವರ್. 2004ರ ಜನವರಿಯಲ್ಲಿ ಸಾಹುಕಾರರು ಹಳೆಯ ಸಣ್ಣ ಕಾರನ್ನು ಮಾರಿ, ಅದೇ ಹೆಸರಿನ ಹೊಸ ಮಾದರಿಯನ್ನು ತಂದರು. ಹಳೆಯದು ಏರು ಬಂದರೆ ಏದುಸಿರು ಬಿಡುತ್ತಿತ್ತು. ಇದು ಕಾಲು ತಾಗಿಸಿದರೆ ಸಾಕು, ಹಾರುತ್ತಿತ್ತು. ಮೂರು ದಿನ ಮಾರಣ್ಣ ಅದನ್ನು ಹೊಗಳಿದ್ದೇ ಹೊಗಳಿದ್ದು.

ನಾಲ್ಕನೆಯ ದಿನ ಕೂಡ್ಲಿಗಿ ದಾರಿಯಲ್ಲಿ, ಅವನ ಊರಿನ ಮುಂದೆಯೇ ಗಾಡಿ ನಿಂತುಬಿಟ್ಟಿತು. ಹೋಗಿ ಬರುವ ಗಾಡಿಗಳು ತುಳಿದು ಕಾಳು ಬಿಡಿಸಲಿ ಎಂದು ರಸ್ತೆಗೆ ಹಾಸಿದ್ದ ಹುರುಳಿ ಬಳ್ಳಿ ಕಾರಿನ ಹೊಟ್ಟೆಗೆ ಸುತ್ತಿಕೊಂಡಿತ್ತು. ಮಾರಣ್ಣ ಅಂಗಾತ ಮಲಗಿ, ಕಾದ ಸೈಲೆನ್ಸರಿಗೆ ಮೊಣಕೈ ಸುಟ್ಟುಕೊಂಡು, ಬಳ್ಳಿಯನ್ನು ಕಿತ್ತು ಕಿತ್ತು ಎಸೆದ.

“ಸ್ಪೀಡು ಬೇಕಂತ ನೆಲಕ್ಕ ಅಂಟಿಸಿ ಮಾಡ್ಯಾರ. ಹಳೀದು ಹುರುಳಿ ಮ್ಯಾಲೆ ಎತ್ತಿನಂಗ ತಿರುಗತಿತ್ತು. ಇದನ್ನ ಮಾಡಿದಾವ ಜನ್ಮದಾಗ ಕಣ ನೋಡ್ಯಾನೇನು? ಮತ್ತ ಹಾಸಿಗಿಯಂಗ ಇಷ್ಟು ದಪ್ಪಗ ಹಾಸಿದ ಕತ್ತೆ ಯಾವುದು?”

ರಸ್ತೆಯಂಚಿನಲ್ಲಿ ಮೊರ ಹಿಡಿದು ನಿಂತಿದ್ದ ಅವನ ಹೆಂಡತಿ ಜಂಬಕ್ಕ ಬಗ್ಗಿ ಕಾರಿನಡಿ ನೋಡಿದಳು.

“ನಾನ ಹಾಸೀನಿ. ಹೊಸಾ ಕಾರಿಗೆ ಬಲ ಜಾಸ್ತಿ ಐತಿ, ಈ ಸಲ ದಪ್ಪಗ ಹಾಸು ಅಂತ ನಿನ್ನಿ ಉಣ್ಣಾಗ ಹೇಳಿದಾವ ಯಾರು?”