ಕೈಯಿಲ್ಲದ ಚೂಡಿದಾರ

ನಮ್ಮ ಮನೆಯಲ್ಲಿ ವರ್ಷಕ್ಕೆ ಹನ್ನೊಂದು ತಿಂಗಳು ಅಮ್ಮನ ಕಾನೂನು, ಒಂದು ತಿಂಗಳು ಅಪ್ಪನ ರಜೆ. ಅಪ್ಪ ಗಲ್ಫಿನ ಹೋಟೆಲೊಂದರಲ್ಲಿ ಮ್ಯಾನೇಜರು. ಅವರು ಊರಿಗೆ ಬಂದ ತಿಂಗಳು ಶಿರ್ತಾಡಿಯ ನಮ್ಮ ಮನೆಯಲ್ಲಿ ಯಾರೂ ಸ್ವರ ಏರಿಸುವಂತಿಲ್ಲ, ಯಾರೂ ಮುಖ ಊದಿಸುವಂತಿಲ್ಲ. ಕೆಟ್ಟುಹೋದ ಪಂಪು, ನನ್ನ ಮಾರ್ಕು, ಅಜ್ಜಿಯ ಮಂಡಿನೋವು, ಎಲ್ಲದರ ಸುದ್ದಿಯೂ ಅವರು ವಿಮಾನ ಹತ್ತಿದ ಮೇಲೆಯೇ. ಗಲ್ಫಿನವರು ಇರುವ ಎಷ್ಟೋ ಮನೆಗಳಲ್ಲಿ ಇದೇ ಕ್ರಮ. “ಪಾಪ, ಅಲ್ಲಿ ಒಬ್ಬರೇ ಇರುವುದು. ಇಲ್ಲಿಂದ ಬೇಜಾರು ಕಟ್ಟಿಕೊಂಡು ಹೋಗುವುದು ಬೇಡ” ಎನ್ನುತ್ತಿದ್ದಳು ಅಮ್ಮ.

ಅಮ್ಮನ ಕಾನೂನಿನಲ್ಲಿ ಅರ್ಧಕ್ಕರ್ಧ ನನ್ನ ಬಟ್ಟೆಯದ್ದೇ. ಜೀನ್ಸ್ ಹಾಕಿದರೆ ಟಾಪು ಮೊಣಕಾಲು ಮುಟ್ಟಬೇಕು. ಶಾಲು ಇಲ್ಲದೆ ಗೇಟು ದಾಟಬಾರದು. ಆಗ ನಾನು ಮೂಡುಬಿದಿರೆಯಲ್ಲಿ ಎರಡನೇ ಪಿಯುಸಿ. ನಾನೇನು ಸಾಧುವಲ್ಲ, ಬಸ್ಸಿನಲ್ಲಿ ಕೂತ ಕೂಡಲೇ ಶಾಲನ್ನು ಬ್ಯಾಗಿಗೆ ತುರುಕುತ್ತಿದ್ದೆ. ನಮ್ಮ ಕಡೆಯ ಪ್ರೈವೇಟ್ ಬಸ್ಸಿನ ಕಂಡಕ್ಟರುಗಳಿಗೆ ಯಾರ ಮಗಳು ಯಾವ ಸ್ಟಾಪಿನವಳು ಎಂಬುದೆಲ್ಲ ಬಾಯಿಪಾಠ. ಸುದ್ದಿ ಅಮ್ಮನಿಗೆ ಮುಟ್ಟಿತು. ಬೈಗುಳ ಬೀಳುತ್ತದೆ ಎಂದು ಕಾದರೆ ಅಮ್ಮ ಮೆಲ್ಲಗೆ ಹೇಳಿದಳು: “ಹಾಕುವುದಾದರೆ ನನ್ನ ಎದುರು ಹಾಕು. ನಾನು ಬೈಯುತ್ತೇನೆ, ನೀನು ಜಗಳ ಮಾಡು. ಕದ್ದು ಮಾತ್ರ ಮಾಡಬೇಡ.” ಆಯ್ತು ಎಂದೆ. ಆ ಮೇಲೆ ಒಂದು ದಿನವೂ ಆ ಮಾತು ಮುರಿಯಲಿಲ್ಲ. ಜಗಳ ಬೇಕಾದಷ್ಟು ಮಾಡಿದೆ.

ಆ ವರ್ಷ ಅಪ್ಪನ ರಜೆಯಲ್ಲೇ ಸೋದರಮಾವನ ಮಗಳ ನಿಶ್ಚಿತಾರ್ಥ ಬಂತು. ಬ್ಯಾಂಕಿನ ಕೆಲಸಕ್ಕೆಂದು ಬಿ.ಸಿ.ರೋಡಿಗೆ ಹೊರಟ ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಸಾಸಿವೆಹೂವಿನ ಬಣ್ಣದ ಚೂಡಿದಾರವೊಂದು ಕಂಡಿತು. ಕೈ ಇರಲಿಲ್ಲ. “ಕೈ ಒಳಗೆ ಪಿನ್ ಹಾಕಿ ಇಟ್ಟಿದ್ದಾರೆ, ಬೇಕಾದರೆ ಹೊಲಿಸಬಹುದು” ಎಂದಳು ಅಂಗಡಿಯ ಹುಡುಗಿ. ನಾನು ಅಪ್ಪನ ಮುಖ ನೋಡಿದೆ.

“ಹೊಲಿಸುವುದು ಯಾಕೆ? ಹಾಗೇ ಚಂದ ಉಂಟಲ್ಲ” ಎಂದರು ಅಪ್ಪ.

“ಅಮ್ಮ?”

“ಅಮ್ಮನಿಗೆ ನಾನು ಹೇಳ್ತೇನೆ. ನಿನಗೆ ಎಂತ ಹೆದರಿಕೆ, ನಾನಿಲ್ವಾ?”

ನಾನಿಲ್ವಾ ಎಂದರಲ್ಲ, ಅದು ಚೂಡಿದಾರಕ್ಕಿಂತ ಹೆಚ್ಚು ಖುಷಿ ಕೊಟ್ಟಿತು. ವರ್ಷವಿಡೀ ಒಬ್ಬಳೇ ಜಗಳ ಮಾಡುವವಳಿಗೆ ಪಕ್ಕದಲ್ಲಿ ಒಬ್ಬರು ನಿಂತರೆ ಹೇಗಾಗುತ್ತದೆ ಎಂದು ಹೇಳಬೇಕಾಗಿಲ್ಲ. ಮನೆಗೆ ಬಂದ ಮೇಲೆ ಅಪ್ಪ “ಸಮಯ ನೋಡಿ ಹೇಳ್ತೇನೆ, ನೀನು ಬಾಯಿ ಬಿಡಬೇಡ” ಎಂದರು. ನಿಶ್ಚಿತಾರ್ಥದ ದಿನ ಅಮ್ಮ ಕೆಲಸಕ್ಕೆ ಕೈಜೋಡಿಸಲೆಂದು ಬೆಳಿಗ್ಗೆಯೇ ಬೆಳ್ತಂಗಡಿಯ ಮದುವೆ ಹಾಲಿಗೆ ಹೋಗಿದ್ದಳು. ಹೊರಡುವ ಮೊದಲು ಅಪ್ಪನನ್ನು ಕೇಳಿದೆ.

“ಹೇಳಿದ್ದೇನೆ ಮಾರಾಯ್ತಿ, ಹಾಕು” ಎಂದರು.

ಹಾಲಿನ ಬಾಗಿಲಲ್ಲಿ ಅಮ್ಮ ನನ್ನನ್ನು ನೋಡಿದಾಗಲೇ ಗೊತ್ತಾಯಿತು, ಅವಳಿಗೆ ಏನೂ ಗೊತ್ತಿಲ್ಲ ಎಂದು. ಅವಳು ಬಾಯಿ ತೆರೆಯುವ ಮೊದಲೇ ಸೋದರಮಾವ ಎದ್ದು ಬಂದರು. ಅಮ್ಮನ ತವರಿನಲ್ಲಿ ಅವರ ಮಾತು ಮೀರಿ ಹುಲ್ಲುಕಡ್ಡಿಯೂ ಅಲುಗುವುದಿಲ್ಲ. ನನ್ನ ತೋಳನ್ನೊಮ್ಮೆ ನೋಡಿ, ಎಲ್ಲರಿಗೂ ಕೇಳುವಂತೆ, “ಇದನ್ನು ಯಾರು ತೆಗೆದುಕೊಟ್ಟದ್ದು?” ಎಂದರು.

ನಾನು ಅಪ್ಪನ ಕಡೆ ತಿರುಗಿದೆ. ಅಪ್ಪ ಕೈಯಲ್ಲಿದ್ದ ಶರಬತ್ತಿನ ಲೋಟ ನೋಡುತ್ತಾ, “ಫ್ರೆಂಡ್ಸ್ ಒಟ್ಟಿಗೆ ಹೋಗಿ ತಂದದ್ದು ಭಾವ. ಈಗಿನ ಮಕ್ಕಳು ನಮ್ಮನ್ನು ಕೇಳಿ ತರ್ತಾರಾ?” ಎಂದು ನಕ್ಕರು. ಸುತ್ತಲಿದ್ದವರೂ ನಕ್ಕರು. ಊಟಕ್ಕೆ ಕೂತಾಗ ಏನು ಬಡಿಸಿದರೋ ಏನು ತಿಂದೆನೋ ನೆನಪಿಲ್ಲ.

ಮನೆ ಮುಟ್ಟಿದ ಮೇಲೆ ಅಮ್ಮ ಕೇಳಿದ್ದು ಒಂದೇ: “ಕದ್ದು ಮಾಡಬೇಡ ಅಂತ ಹೇಳಿರಲಿಲ್ವಾ?”

“ಕದ್ದದ್ದಲ್ಲ. ಅಪ್ಪನೇ ತೆಗೆದುಕೊಟ್ಟದ್ದು” ಎಂದೆ.

ಅಪ್ಪ ಅಲ್ಲೇ ಇದ್ದರು, ಕುರ್ಚಿಯಲ್ಲಿ, ವಾಚು ಬಿಚ್ಚುತ್ತಾ. ಅಮ್ಮ ಅವರ ಕಡೆ ನೋಡಿದಳು. “ನಾನಾ?” ಎಂದರು ಅಪ್ಪ. “ಹೆಣ್ಣುಮಕ್ಕಳ ಬಟ್ಟೆ ನನಗೆಲ್ಲಿ ಗೊತ್ತಾಗ್ತದೆ?”

“ವರ್ಷಕ್ಕೊಮ್ಮೆ ಬರುವ ಮನುಷ್ಯನ ಮೇಲೆ ಹಾಕ್ತೀಯಾ?” ಎಂದು ಅಮ್ಮ ಒಳಗೆ ಹೋದಳು. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಮರುದಿನ ಅವಳೇ ಮೆಷಿನ್ನಿನ ಮುಂದೆ ಕೂತು ಆ ಚೂಡಿದಾರಕ್ಕೆ ಕೈ ಹೊಲಿದಳು. ನಾನದನ್ನು ಮತ್ತೆ ಹಾಕಲಿಲ್ಲ. ಹೊರಡುವ ದಿನ ಅಪ್ಪ ನನ್ನ ತಲೆ ಸವರಿ, “ಬೇಜಾರು ಮಾಡಬೇಡ, ಆಯ್ತಾ? ನೀನು ನನ್ನ ಬಂಗಾರ ಅಲ್ವಾ” ಎಂದು ಮೆಲ್ಲಗೆ ಹೇಳಿ ಕಾರು ಹತ್ತಿದರು. ಅವರ ಕೈ ತಳ್ಳಿಬಿಡಬೇಕು ಅನಿಸಿತ್ತು. ರಜೆಯ ತಿಂಗಳು ನೋಡಿ, ತಳ್ಳಲಿಲ್ಲ.

ಪಿಯುಸಿ ಮುಗಿಯುವವರೆಗೆ ಅಮ್ಮ ನನ್ನ ಬ್ಯಾಗು ತೆರೆದು ನೋಡುತ್ತಿದ್ದಳು. ಲ್ಯಾಬ್ ಇತ್ತು ಎಂದರೆ ಗೆಳತಿಯ ಮನೆಗೆ ಫೋನು. ಮೂಡುಬಿದಿರೆಯಲ್ಲಿ ಬಸ್ಸು ತಪ್ಪಿತು ಎಂದರೆ ಕಂಡಕ್ಟರನ ಹತ್ತಿರ ವಿಚಾರಣೆ. ನಾನು ಸತ್ಯ ಹೇಳುವುದನ್ನು ಬಿಡಲಿಲ್ಲ, ಅವಳು ನಂಬಲಿಲ್ಲ. ಅಪ್ಪ ಮಾತ್ರ ವಾರಕ್ಕೊಮ್ಮೆ ಫೋನಿನಲ್ಲಿ, “ಅಮ್ಮ ಹೇಳಿದ ಹಾಗೆ ಕೇಳು ಮಗಾ” ಎನ್ನುತ್ತಿದ್ದರು. ಎಂಥಾ ಜನ.

ಈಗ ನಾನು ಬಂಟ್ವಾಳದ ಶಾಲೆಯೊಂದರಲ್ಲಿ ಟೀಚರು. ಹೋದ ಬೇಸಿಗೆಯಲ್ಲಿ ಮನೆಗೆ ಹೋದಾಗ ಅಮ್ಮನೂ ನಾನೂ ಹಲಸಿನ ಬೀಜ ಸುಲಿಯುತ್ತಿದ್ದೆವು. ಏನೋ ಮಾತಿಗೆ ಮಾತು ಬಂದು, ಅಂದು ಅಪ್ಪ ನನ್ನನ್ನು ಎಲ್ಲರ ಎದುರು ಕಳ್ಳಿ ಮಾಡಿದರು ಎಂದೆ.

“ಅವರೇ ತೆಗೆದುಕೊಟ್ಟದ್ದು ಅಂತ ನನಗೆ ಆವತ್ತೇ ಗೊತ್ತಿತ್ತು” ಎಂದಳು ಅಮ್ಮ, ತಲೆ ಎತ್ತದೆ. “ಸುಳ್ಳು ಹೇಳುವಾಗ ಅವರ ಮುಖ ನನಗೆ ಗೊತ್ತಾಗುವುದಿಲ್ವಾ?”

ನನ್ನ ಕೈ ನಿಂತಿತು. “ಮತ್ತೆ ಬ್ಯಾಗು ನೋಡುತ್ತಿದ್ದದ್ದು?”

“ನನಗೆ ಗೊತ್ತುಂಟು ಅಂತ ಅವರಿಗೆ ಸಂಶಯ ಬರಬಾರದಲ್ಲ. ಫೋನಿನಲ್ಲಿ ಕೇಳುತ್ತಿದ್ದರು, ಇನ್ನೂ ಅವಳದ್ದೇ ತಪ್ಪು ಅಂತ ನಂಬಿದ್ದೀಯಾ ಅಂತ. ಅವರು ದೂರ ಹೋಗುವವರು. ಬೇಜಾರಲ್ಲಿ ಕಳುಹಿಸಿದರೆ ವರ್ಷವಿಡೀ ನನಗೆ ನಿದ್ರೆ ಇಲ್ಲ. ನೀನು ಇಲ್ಲೇ ಇರುವವಳು. ನಿನ್ನನ್ನು ಆ ಮೇಲೆ ಸಮಾಧಾನ ಮಾಡಬಹುದು ಅಂತ.”

“ಮಾಡಿದೆಯಾ?” ಎಂದು ಕೇಳಿದೆ.

ಅಮ್ಮ ಇನ್ನೊಂದು ಬೀಜ ಕೈಗೆತ್ತಿಕೊಂಡಳು.

“ನೀನು ಮತ್ತೆ ಆ ಮಾತು ಎತ್ತಲೇ ಇಲ್ಲವಲ್ಲ” ಎಂದಳು.